ಒಂದನೇ ನಂಬರಿನ ಗಾಜು

3 ಫೆಬ್ರವರಿ

ರೀ,

ಭಾನುವಾರ ಫೋನಿನಲ್ಲೇ ಹೇಳಬೇಕೆಂದಿದ್ದೆ. ಚೂಟಿ ಫೋನು ಕಿತ್ತುಕೊಂಡು ತನ್ನ ಹಲ್ಲು ಬಿದ್ದ ಕಥೆಯನ್ನು ಎಳೆದಳು ನೋಡಿ, ಮುಗಿಯಲೇ ಇಲ್ಲ. ನಿಮ್ಮ ಕೈಗೆ ಬರುವಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದರು. ಬರದಿದ್ದರೂ ಅಷ್ಟೇ. ಅಳತೆ ತೆಗೆಯುವಾಗ ಊರ ಸುದ್ದಿಯನ್ನೆಲ್ಲ ಹೇಳುವ ನೀವು ಫೋನು ಹಿಡಿದರೆ ‘ಹ್ಞೂಂ’ ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ಈ ಕಾಗದ. ಮಗಳ ಎದುರು ಹೇಳಲಾಗದ್ದನ್ನು ಇನ್ನು ಹೀಗೇ ಬರೆಯೋಣ.

ಸುದ್ದಿ ಒಳ್ಳೆಯದೇ. ನಮ್ಮ ದೊಡ್ಡ ಮೇಷ್ಟ್ರು, ಅದೇ ರಸಾಯನಶಾಸ್ತ್ರ ವಿಭಾಗ ನೋಡಿಕೊಳ್ಳುವ ಪ್ರೊಫೆಸರು, ನಿನ್ನೆ ನನ್ನ ಗಾಜಿನ ವರ್ಕ್‌ಶಾಪಿಗೆ ತಾವೇ ಇಳಿದು ಬಂದರು. ಅವರು ನೆಲಮಾಳಿಗೆಗೆ ಇಳಿಯುವುದು ಲ್ಯಾಬಿಗೆ ನಾನು ಮಾಡಿಕೊಟ್ಟ ಗಾಜು ಏನಾದರೂ ಒಡೆದಾಗ ಮಾತ್ರ. ಈ ಸಲ ಕೈಯಲ್ಲಿ ಚೂರು ಇರಲಿಲ್ಲ. ‘ಇಷ್ಟು ವರ್ಷ ನೀವು ಕಾಗದದಲ್ಲಿ ಬರೀ ಗಾಜು ಊದುವವರು ಅಂತಲೇ ಇದ್ದೀರಿ, ನನಗೇ ನಾಚಿಕೆ ಆಯ್ತು. ಇವತ್ತಿನಿಂದ ನೀವು ವರ್ಕ್‌ಶಾಪಿನ ಮುಖ್ಯಸ್ಥೆ. ಆರ್ಡರಿಗೆ ಸಹಿ ಹಾಕೇ ಬಂದೆ’ ಅಂದರು. ಬರ್ನರ್ ಆರಿಸುವುದನ್ನೂ ಮರೆತು ನಿಂತುಬಿಟ್ಟೆ.

ಮುಖ್ಯಸ್ಥೆ ಅಂದಮೇಲೆ ಕೈಕೆಳಗೆ ಒಬ್ಬರಾದರೂ ಇರಬೇಕಂತೆ. ಎರಡು ವರ್ಷದಿಂದ ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ಉದ್ದಜಡೆಯನ್ನೇ ನನಗೆ ಸಹಾಯಕಿ ಮಾಡಿದ್ದಾರೆ. ಹೇಳಿದ್ದೆನಲ್ಲ, ಇದೇ ದೇಶದ ಹುಡುಗಿ, ಬೆಂಕಿಗೆ ಸಿಗಬಾರದೆಂದು ಜಡೆಯನ್ನು ಅಂಗಿಯೊಳಗೆ ತುರುಕಿಕೊಂಡು ಕೆಲಸ ಮಾಡುವವಳು.

ನಮಗೆ ಬೇಕಾದ ಮಾತು ಈಗ ಬಂತು. ನನ್ನ ಈಗಿನ ವೀಸಾ ಒಂಟಿ ಜೀವದ ವೀಸಾ. ಗಂಡ ಮಕ್ಕಳನ್ನು ಕರೆಸುವ ಹಾಗಿಲ್ಲ, ಅದೂ ಈ ವರ್ಷದ ಕೊನೆಗೆ ಮುಗಿಯುತ್ತದೆ. ಹೊಸ ಹುದ್ದೆಗೆ ವಿಶ್ವವಿದ್ಯಾಲಯದ ಸ್ಪಾನ್ಸರ್ ಸಿಕ್ಕರೆ, ಅಂದರೆ ಅವರೇ ನನ್ನ ಪರವಾಗಿ ಅರ್ಜಿ ಹಾಕಿದರೆ, ದೊಡ್ಡ ವೀಸಾ ಆಗುತ್ತದೆ. ಅದರಲ್ಲಿ ನೀವಿಬ್ಬರೂ ಬರಬಹುದು. ಮಗಳ ಹಲ್ಲು ಬೀಳುವುದನ್ನು ಫೋನಿನಲ್ಲಿ ಕೇಳಿದ್ದು ಸಾಕು. ಹುಟ್ಟುವುದನ್ನಾದರೂ ಕಣ್ಣಾರೆ ನೋಡಬೇಕು.

ಇನ್ನೂ ಯಾರಿಗೂ ಹೇಳಬೇಡಿ.

ನಿಮ್ಮ
ಮುಖ್ಯಸ್ಥೆ

20 ಫೆಬ್ರವರಿ

ಮುಖ್ಯಸ್ಥೆ ಮೇಡಂ ಅವರ ಪಾದಕ್ಕೆ,

ಯಾರಿಗೂ ಹೇಳಬೇಡಿ ಅಂದಿದ್ದೀ. ಹೇಳಿಲ್ಲ. ಚೂಟಿಗೆ ಮಾತ್ರ ಹೇಳಿದೆ, ಉಳಿದವರಿಗೆಲ್ಲ ಅವಳು ಹೇಳಿದಳು.

ನೀನು ಅಲ್ಲಿ ಕೆಲಸ ಮಾಡುತ್ತೀ, ನಾನೇನು ಇಲ್ಲಿ ಕೈಕಟ್ಟಿ ಕೂರಲೇ? ಎರಡು ಕೆಲಸ ಮುಗಿಸಿದ್ದೇನೆ. ಮೊದಲನೆಯದು, ಅಂಗಡಿ ಬಿಟ್ಟುಕೊಟ್ಟೆ. ಪಕ್ಕದ ರಸ್ತೆಯ ಟೈಲರ್ ಎಷ್ಟು ದಿನದಿಂದ ಅದರ ಮೇಲೆ ಕಣ್ಣಿಟ್ಟಿದ್ದ, ನಿನಗೇ ಗೊತ್ತು. ಮಾಲೀಕರ ಹತ್ತಿರ ಮಾತಾಡಿ, ಯುಗಾಂತರದಿಂದ ಅಲ್ಲೇ ನಿಂತಿದ್ದ ಕತ್ತರಿಸುವ ಮೇಜಿನ ಸಮೇತ ಅವನ ಕೈಗೆ ಕೊಟ್ಟುಬಿಟ್ಟೆ. ಎರಡನೆಯದು, ಚೂಟಿಯ ಟಿ.ಸಿ. ತೆಗೆಸಿದೆ. ಅಲ್ಲಿ ಶಾಲೆಗೆ ಸೇರಿಸುವಾಗ ಕೇಳೇ ಕೇಳುತ್ತಾರೆ, ಆಮೇಲೆ ಓಡಾಡಲು ಇಲ್ಲಿ ಯಾರಿದ್ದಾರೆ? ಶಾಲೆಯ ಟೀಚರು ಮಗುವಿನ ಬೆನ್ನು ಸವರಿ ಕಳಿಸಿದರು.

ಅಲ್ಲಿ ಚಳಿ ಎನ್ನುತ್ತೀಯಲ್ಲ, ಅವಳಿಗೊಂದು ಕೋಟು ಕತ್ತರಿಸಿದ್ದೇನೆ. ಹಸಿರು. ಬೆಳೆಯುವ ಮಗು ಅಂತ ತೋಳಿಗೂ ಅಂಚಿಗೂ ಒಳಗೆ ಮಡಿಕೆ ಬಿಟ್ಟಿದ್ದೇನೆ. ಈ ಸೆಕೆಯಲ್ಲಿ ಅದನ್ನು ಹಾಕಿಕೊಂಡು ಬೀದಿಯಲ್ಲಿ ಮೆರೆಯುತ್ತಿದ್ದಾಳೆ, ಬೆವರು ಸುರಿದರೂ ಬಿಚ್ಚುವುದಿಲ್ಲ.

ಟಿಕೆಟ್ ಯಾವಾಗ ಮಾಡಿಸಲಿ?

ನಿನ್ನ
ಕೆಲಸವಿಲ್ಲದ ಗಂಡ

14 ಮಾರ್ಚ್

ರೀ,

ಯಾರ್ರೀ ನಿಮಗೆ ಅಂಗಡಿ ಬಿಡಿ ಅಂದಿದ್ದು? ನಾನು ಬರೆದದ್ದು ‘ಸಿಕ್ಕರೆ’ ಅಂತ. ನೀವು ಓದಿದ್ದು ‘ಸಿಕ್ಕಿತು’ ಅಂತ. ಕಾಗದ ಓದಿ ತಲೆ ಮೇಲೆ ಕೈಹೊತ್ತು ಕೂತೆ.

ಇಲ್ಲಿ ವಿದೇಶಿ ನೌಕರರ ವಿಭಾಗ ಅಂತ ಒಂದಿದೆ. ಅಲ್ಲಿ ಕೂತಿರುವವರನ್ನು ನಾವೆಲ್ಲ ವೀಸಾ ಮೇಡಂ ಅನ್ನುತ್ತೇವೆ. ಕೆಟ್ಟವರಲ್ಲ. ಆದರೆ ಅವರ ಬಾಯಿಂದ ಒಳ್ಳೆಯ ಸುದ್ದಿ ಕೇಳಿದವರು ಈ ಕಟ್ಟಡದಲ್ಲಿ ಯಾರೂ ಇಲ್ಲ. ಬಡ್ತಿಯ ಆರ್ಡರು ನೋಡಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನನ್ನನ್ನ ಒಂದು ಮಾತು ಕೇಳಬಾರದಿತ್ತಾ?’ ಅಂದರು. ದೊಡ್ಡ ಮೇಷ್ಟ್ರು ಪಕ್ಕದಲ್ಲೇ ಇದ್ದರು. ‘ಒಳ್ಳೇದು ಮಾಡೋಕೂ ಕೇಳಬೇಕೇನು?’ ಅಂದರು. ‘ಅದಕ್ಕೇ ಮೊದಲು ಕೇಳಬೇಕು’ ಅಂದರು ಮೇಡಂ.

ಆಗಿರುವುದು ಇಷ್ಟು. ನನ್ನ ಹಳೆಯ ವೀಸಾ ‘ಗಾಜು ಊದುವವರು’ ಎಂಬ ಹುದ್ದೆಗೆ ಕೊಟ್ಟದ್ದು. ಮೇಷ್ಟ್ರು ನನಗೆ ಬಡ್ತಿ ಕೊಡುವ ಸಡಗರದಲ್ಲಿ ಆ ಹುದ್ದೆಯನ್ನೇ ಮುಚ್ಚಿಬಿಟ್ಟಿದ್ದಾರೆ. ಇಲ್ಲದ ಹುದ್ದೆಯ ವೀಸಾ ಮುಂದುವರಿಯುವುದಿಲ್ಲ, ಮುಚ್ಚಿದ ಹುದ್ದೆ ಮತ್ತೆ ತೆರೆಯುವುದಿಲ್ಲ. ಈಗ ಇರುವುದು ಒಂದೇ ದಾರಿ, ಹೊಸ ಹುದ್ದೆಗೆ ಸ್ಪಾನ್ಸರ್. ಅದಕ್ಕೆ ಮೊದಲು ವಿಶ್ವವಿದ್ಯಾಲಯ ಈ ಕೆಲಸಕ್ಕೆ ಈ ದೇಶದವರು ಯಾರೂ ಸಿಗಲಿಲ್ಲ ಎಂದು ತೋರಿಸಬೇಕು. ಅಂದರೆ ನಾನು ಮಾಡುತ್ತಿರುವ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂದು ಜಾಹೀರಾತು ಕೊಡಬೇಕು. ಪತ್ರಿಕೆಯಲ್ಲಿ ಮಾತ್ರ ಅಲ್ಲ, ಕೆಲಸ ನಡೆಯುವ ಜಾಗದಲ್ಲೂ ಅಂಟಿಸಬೇಕು.

ಅಂಟಿಸಿದ್ದಾರೆ. ನನ್ನ ವರ್ಕ್‌ಶಾಪಿನ ಬಾಗಿಲಿಗೆ, ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ. ಬೆಳಿಗ್ಗೆ ಬೀಗ ತೆಗೆಯುವಾಗ ಓದುತ್ತೇನೆ, ಸಂಜೆ ಬೀಗ ಹಾಕುವಾಗ ಓದುತ್ತೇನೆ. ಮೊನ್ನೆ ಅಂಟು ಒಣಗಿ ಒಂದು ಮೂಲೆ ಕಿತ್ತುಬಂದಿತ್ತು. ಬಿದ್ದುಹೋದರೆ ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ ಮೊದಲಿಂದ ಶುರು. ಹಾಗಾಗಿ ನಾನೇ ಟೇಪು ಹಚ್ಚಿದೆ. ನನ್ನ ಕೆಲಸ ಕಿತ್ತುಕೊಳ್ಳಲು ಬನ್ನಿ ಎಂಬ ಕಾಗದಕ್ಕೆ ನನ್ನ ಕೈಯಿಂದಲೇ ಟೇಪು.

ಆದರೂ ಹೆದರಬೇಡಿ. ಇಲ್ಲಿ ಈ ಕೆಲಸ ಕಲಿತವರು ಬೆರಳೆಣಿಕೆಯಷ್ಟು, ಇರುವವರು ಎಲ್ಲೋ ನೆಲೆ ನಿಂತಿದ್ದಾರೆ. ಯಾರೂ ಬರುವುದಿಲ್ಲ ಎನ್ನುತ್ತಾರೆ ಮೇಡಂ. ಹೇಗಾದರೂ ಮಾಡಿ ಮಗುವನ್ನು ಶಾಲೆಗೆ ವಾಪಸ್ ಸೇರಿಸಿ.

ನಿಮ್ಮವಳು

2 ಏಪ್ರಿಲ್

ಗಾಜಿನ ಮೇಷ್ಟ್ರಮ್ಮನಿಗೆ,

ಬೈದಿದ್ದೀ, ಬೈಸಿಕೊಂಡಿದ್ದೇನೆ. ಸಿಕ್ಕರೆ, ಸಿಕ್ಕಿತು, ಎಲ್ಲ ನನ್ನ ತಲೆಯಲ್ಲಿ ಒಂದೇ ಆಗಿತ್ತು. ಐದು ವರ್ಷ ಕಾದವನಿಗೆ ಅಷ್ಟು ಆಗುತ್ತದೆ.

ಶಾಲೆಗೆ ಹೋಗಿದ್ದೆ. ಆ ಜಾಗಕ್ಕೆ ಬೇರೆ ಮಗು ಬಂದಿದೆಯಂತೆ. ಹೊಸ ತರಗತಿ ಶುರುವಾಗುವವರೆಗೆ ಏನೂ ಮಾಡಲಾಗುವುದಿಲ್ಲ ಅಂದರು. ಬೆನ್ನು ಸವರಿದ ಅದೇ ಟೀಚರು.

ಅಂಗಡಿಯದ್ದೂ ಹೇಳಿಬಿಡುತ್ತೇನೆ, ಇನ್ನೊಬ್ಬರಿಂದ ಕೇಳುವುದು ಬೇಡ. ಪಕ್ಕದ ರಸ್ತೆಯವನ ಹತ್ತಿರವೇ ಕೂಲಿಗೆ ಹೊಲಿಯುತ್ತಿದ್ದೇನೆ. ನನ್ನ ಅಂಗಡಿ, ನನ್ನ ಮೇಜು, ಕತ್ತರಿ ಮಾತ್ರ ಅವನದು. ಹಳೆಯ ಗಿರಾಕಿಗಳು ಬಂದು, ‘ಇನ್ನೂ ಹೋಗಿಲ್ವಾ? ಯಾವಾಗ ಪ್ರಯಾಣ?’ ಅನ್ನುತ್ತಾರೆ. ಇನ್ನೇನು, ಕಾಗದ ಬರಬೇಕು ಅನ್ನುತ್ತೇನೆ. ಅವನು ಗುಂಡಿ ಹುಡುಕುವ ನೆಪದಲ್ಲಿ ಮುಖ ತಿರುಗಿಸುತ್ತಾನೆ. ನಗುತ್ತಿದ್ದಾನೋ ಮರುಗುತ್ತಿದ್ದಾನೋ ನಾನು ನೋಡಲು ಹೋಗಿಲ್ಲ.

ಚೂಟಿ ದಿನವಿಡೀ ನನ್ನ ಮಿಷನ್ನಿನ ಪಕ್ಕ ಕೂತು ತುಂಡು ಬಟ್ಟೆ ಕತ್ತರಿಸುತ್ತಾಳೆ. ನಿಮ್ಮ ಮೇಷ್ಟ್ರಿಗೆ ನನ್ನ ಪರವಾಗಿ ಒಂದು ನಮಸ್ಕಾರ ಹೇಳು. ಅಷ್ಟು ಒಳ್ಳೆಯವರು ಸ್ವಲ್ಪ ಕಡಿಮೆ ಒಳ್ಳೆಯವರಾಗಿದ್ದರೆ ನಾವು ಬದುಕುತ್ತಿದ್ದೆವು.

ನಿನ್ನ
ಟೈಲರು

25 ಏಪ್ರಿಲ್

ರೀ,

ಒಂದು ಅರ್ಜಿ ಬಂದಿದೆ. ಒಂದೇ ಒಂದು. ಉದ್ದಜಡೆಯದು.

ಅವಳು ಕದ್ದು ಹಾಕಲಿಲ್ಲ. ನನ್ನನ್ನೇ ಕೇಳಿದಳು. ಕೊಳವೆ ತಿರುಗಿಸುತ್ತಾ, ಬೆಂಕಿಯಿಂದ ಕಣ್ಣು ತೆಗೆಯದೆ, ‘ಆ ಬಾಗಿಲಲ್ಲಿರೋದಕ್ಕೆ ನಾನೂ ಹಾಕಬಹುದಾ?’ ಅಂದಳು. ನಾನೇನು ಹೇಳಲಿ? ‘ಯಾರು ಬೇಕಾದ್ರೂ ಹಾಕಬಹುದು ಅಂತ ಅದರಲ್ಲೇ ಇದೆಯಲ್ಲ’ ಅಂದೆ. ಅದು ನನ್ನ ವೀಸಾಕ್ಕೆ ಅಂಟಿಸಿದ ಚೀಟಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ, ಹೇಳಬಾರದೆಂದು ನಿಯಮವಿದೆ. ಮುಖ್ಯಸ್ಥರು ಇಬ್ಬರಾಗುತ್ತಾರೆ ಎಂದುಕೊಂಡಿರಬೇಕು. ಅವಳ ಸಹಾಯಕಿ ಕೆಲಸ ಈ ವರ್ಷಕ್ಕೆ ಮುಗಿಯುತ್ತದೆ. ಮನೆಯಲ್ಲಿ ಅವಳೂ ಅವಳ ಅಜ್ಜಿಯೂ ಇಬ್ಬರೇ. ಅವಳ ಜಾಗದಲ್ಲಿ ನಾನಿದ್ದರೂ ಹಾಕುತ್ತಿದ್ದೆ.

ನನಗೆ ಸಿಟ್ಟು ಬರಿಸುವುದು ಆ ನಿಯಮ. ಅವಳು ನನಗಿಂತ ಚೆನ್ನಾಗಿ ಮಾಡಬೇಕಿಲ್ಲವಂತೆ. ನನ್ನಷ್ಟೂ ಬೇಕಿಲ್ಲವಂತೆ. ಕೆಲಸಕ್ಕೆ ಸಾಕಷ್ಟು ಬಂದರೆ ಸಾಕು, ಸ್ಪಾನ್ಸರ್ ನಿಂತುಹೋಗುತ್ತದೆ. ಇಷ್ಟು ವರ್ಷ ನಾನು ಊದಿದ್ದೆಲ್ಲ ಅವರ ತಕ್ಕಡಿಗೆ ಬರುವುದೇ ಇಲ್ಲ.

ಇನ್ನೊಂದಿದೆ, ಕೂತುಕೊಂಡು ಓದಿ. ಅವಳಿಗೆ ಒಂದು ಪರೀಕ್ಷೆ ಇಟ್ಟಿದ್ದಾರೆ: ಒಂದರೊಳಗೊಂದು ಮೂರು ಕೊಳವೆ ಇರುವ ಜೋಡಣೆ. ಅದನ್ನು ನೋಡಿ ಹೇಳುವವರು ಬೇಕು. ಇನ್ನೊಂದು ಊರಿನ ಗಾಜಿನವರನ್ನು ಕರೆದರು, ಅವರು ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾರೆ. ಆಗ ನಮ್ಮ ದೊಡ್ಡ ಮೇಷ್ಟ್ರು ಏನಂದರು ಗೊತ್ತೇ? ‘ಯಾಕೆ ಒದ್ದಾಡ್ತೀರಿ, ಇವರೇ ನೋಡಿ ಹೇಳಲಿ. ಇವರಿಗೆ ಗೊತ್ತಿರೋವಷ್ಟು ಯಾರಿಗೆ ಗೊತ್ತು?’ ವೀಸಾ ಮೇಡಂ ಹೌಹಾರಿದರು. ಯಾರ ವೀಸಾನೋ ಅವರು ಆಯ್ಕೆಯಲ್ಲಿ ಕೂರುವ ಹಾಗಿಲ್ಲ. ಎಲ್ಲರೂ ಕೂತು ಚರ್ಚೆ ಮಾಡಿ ಕೊನೆಗೆ ಒಂದು ಉಪಾಯ ಕಂಡುಹಿಡಿದರು. ಗಾಜಿನ ಮೇಲೆ ಹೆಸರು ಇರುವುದಿಲ್ಲ, ನಂಬರ್ ಇರುತ್ತದೆ. ಯಾರು ಮಾಡಿದ್ದು ಎಂದು ನನಗೆ ಗೊತ್ತಾಗುವುದಿಲ್ಲವಂತೆ. ಬಂದಿರುವ ಅರ್ಜಿ ಒಂದು, ಮಾಡುವ ಗಾಜು ಒಂದು, ಅದಕ್ಕೆ ಒಂದನೇ ನಂಬರ್. ಅವಳ ಕೈಹಿಡಿದು ಕಲಿಸಿದವಳಿಗೆ ಅವಳ ಗಾಜು ಗುರುತು ಸಿಗುವುದಿಲ್ಲವಂತೆ.

ನಗಬೇಕೋ ಅಳಬೇಕೋ ಗೊತ್ತಾಗದೆ ಒಪ್ಪಿಕೊಂಡು ಬಂದೆ.

ನಿಮ್ಮವಳು

9 ಮೇ

ಚೂಟಿಯ ಅಮ್ಮನಿಗೆ,

ಕೂತೇ ಓದಿದೆ. ಎರಡು ಸಲ ಓದಿದೆ.

ನನಗೆ ಗಾಜಿನ ಕೆಲಸ ಗೊತ್ತಿಲ್ಲ. ಬಟ್ಟೆಯದು ಗೊತ್ತು. ಒಂದು ಹೊಲಿಗೆ ಚೆನ್ನಾಗಿದೆ ಅನ್ನುವುದಕ್ಕೂ ಪರವಾಗಿಲ್ಲ ಅನ್ನುವುದಕ್ಕೂ ನಡುವೆ ಬಹಳ ಜಾಗ ಇರುತ್ತದೆ. ಯಾವ ಹೊಲಿಗೆಯಲ್ಲಾದರೂ ನಾನು ತಪ್ಪು ತೋರಿಸಬಲ್ಲೆ, ಗಿರಾಕಿ ನಂಬುತ್ತಾನೆ. ನಿನಗೆ ಗೊತ್ತಿರುವಷ್ಟು ಅಲ್ಲಿ ಇನ್ಯಾರಿಗೂ ಗೊತ್ತಿಲ್ಲ ಎಂದು ನಿಮ್ಮ ಮೇಷ್ಟ್ರೇ ಅಂದಿದ್ದಾರೆ. ಆ ಹುಡುಗಿ ಚಿಕ್ಕವಳು. ಅವಳದು ಅವಳ ದೇಶ, ಇವತ್ತಲ್ಲ ನಾಳೆ ಇನ್ನೊಂದು ಬಾಗಿಲಿಗೆ ಇನ್ನೊಂದು ಚೀಟಿ ಅಂಟಿಸುತ್ತಾರೆ.

ನಾನು ಏನೂ ಹೇಳುತ್ತಿಲ್ಲ. ಚೂಟಿಯ ಕೋಟಿನ ತೋಳಿನ ಮಡಿಕೆ ಆಗಲೇ ಒಂದು ಸುತ್ತು ಬಿಚ್ಚಿದೆ ಎಂದು ಮಾತ್ರ ಹೇಳುತ್ತಿದ್ದೇನೆ.

ನಿನ್ನವನು

27 ಮೇ

ಚೂಟಿಯ ಅಪ್ಪನಿಗೆ,

ಏನೂ ಹೇಳುತ್ತಿಲ್ಲ ಎಂದು ಹೇಳಿ ಎಲ್ಲವನ್ನೂ ಹೇಳುವುದು ಯಾವಾಗ ಕಲಿತಿರಿ? ಕಾಗದವನ್ನು ನಾಲ್ಕು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನೀವು ಬರೆದದ್ದು ನನ್ನ ತಲೆಯಲ್ಲಿ ಮೊದಲೇ ಇರಲಿಲ್ಲ ಎಂದಲ್ಲ. ಇತ್ತು. ಅದನ್ನು ನಿಮ್ಮ ಅಕ್ಷರದಲ್ಲಿ ನೋಡಿ ಮೈ ಉರಿಯಿತು, ಅಷ್ಟೇ.

ಪರೀಕ್ಷೆಯ ದಿನ ನನ್ನ ವರ್ಕ್‌ಶಾಪಿನಿಂದ ನನ್ನನ್ನೇ ಹೊರಗೆ ಕೂರಿಸಿದರು. ಹೊರಗಿನ ಬೆಂಚಿನಲ್ಲಿ ಕೂತು ಬಾಗಿಲ ಮೇಲಿನ ಚೀಟಿ ನೋಡುತ್ತಿದ್ದೆ. ಒಳಗೆ ಬೆಂಕಿಯ ಸದ್ದು ಕೇಳುತ್ತಿತ್ತು. ಅವಳು ಎಲ್ಲಿ ಗಾಳಿ ಜಾಸ್ತಿ ಬಿಟ್ಟಳು, ಎಲ್ಲಿ ಕಡಿಮೆ ಮಾಡಿದಳು, ಎಲ್ಲ ತಿಳಿಯುತ್ತಿತ್ತು. ನಡುವೆ ಒಂದು ಕಡೆ ಅವಸರ ಮಾಡಿದಳು. ನನಗರಿವಿಲ್ಲದೆ ‘ನಿಧಾನ, ನಿಧಾನ’ ಅಂದುಬಿಟ್ಟೆ. ಬೆಂಚಿನ ಆ ತುದಿಯಲ್ಲಿದ್ದ ವೀಸಾ ಮೇಡಂ ಕೇಳಿಸದವರ ಹಾಗೆ ಗೋಡೆ ಕಡೆ ನೋಡಿದರು.

ಮಾಡಿದ ಗಾಜನ್ನು ಒಲೆಯಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಹಾಗಾಗಿ ನೋಡುವುದು ಮಾರನೇ ದಿನ. ನಮ್ಮಲ್ಲಿ ಒಂದು ಪೆಟ್ಟಿಗೆ ಇದೆ, ಹಿಂದೆ ದೀಪ, ಮುಂದೆ ಒಂದು ಗಾಜಿನ ಹಲಗೆ. ಅದರೊಳಗೆ ಕೊಳವೆ ಹಿಡಿದರೆ ಹೊರಗೆ ಕಾಣದ ಬಿಗಿತ ಬಣ್ಣವಾಗಿ ಕಾಣುತ್ತದೆ. ಬಿಗಿತ ಜಾಸ್ತಿ ಇದ್ದರೆ ಅಂಥ ಗಾಜು ಇವತ್ತು ಗಟ್ಟಿಯಾಗಿದ್ದು ನಾಳೆ ಯಾರೂ ಮುಟ್ಟದಿದ್ದರೂ ಸೀಳುತ್ತದೆ. ಒಂದನೇ ನಂಬರನ್ನು ಹಿಡಿದೆ. ಅವಸರ ಮಾಡಿದ ಜಾಗದಲ್ಲಿ ಸಣ್ಣಗೆ ನೀಲಿ ಇತ್ತು. ಅಷ್ಟು ನೀಲಿ ಎಲ್ಲರ ಗಾಜಿನಲ್ಲೂ ಇರುತ್ತದೆ, ನನ್ನದರಲ್ಲೂ ಇರುತ್ತದೆ.

ದೊಡ್ಡ ಮೇಷ್ಟ್ರು ನನ್ನ ಭುಜದ ಹಿಂದಿನಿಂದ ಬಗ್ಗಿ ನೋಡಿದರು. ‘ಇಲ್ಲಿ ಏನೋ ಬಣ್ಣ ಇದೆಯಲ್ಲ? ಇದು ದೋಷ ತಾನೇ?’ ಅಂದರು. ಧ್ವನಿಯಲ್ಲೇ ಗೊತ್ತಾಯಿತು, ನಾನು ಹೌದು ಅನ್ನಲಿ ಎಂದು ಅವರು ಪ್ರಾಣ ಕೈಯಲ್ಲಿ ಹಿಡಿದು ನಿಂತಿದ್ದಾರೆ. ವೀಸಾ ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಅವರಿಗೂ ಅದೇ ಬೇಕಿತ್ತು. ಕೋಣೆಯಲ್ಲಿ ನನ್ನ ವಿರುದ್ಧ ಒಂದು ನರಪಿಳ್ಳೆಯೂ ಇರಲಿಲ್ಲ. ‘ಹೌದು’ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹಸಿರು ಕೋಟು ಕಣ್ಣಿಗೆ ಕಟ್ಟಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಒಳ್ಳೆಯವಳಾಗುವ ಆಸೆ ಸ್ವಲ್ಪವೂ ಇರಲಿಲ್ಲ.

ಆದರೆ ಆ ಬಣ್ಣ ಓದುವುದನ್ನು ಅವಳಿಗೆ ಕಲಿಸಿದವಳು ನಾನೇ. ‘ಇಷ್ಟಕ್ಕೆ ಹೆದರಬೇಡ, ಇದು ಒಡೆಯಲ್ಲ’ ಎಂದು ಇದೇ ಪೆಟ್ಟಿಗೆಯ ಮುಂದೆ ಎಷ್ಟು ಸಲ ಹೇಳಿದ್ದೇನೆ. ನಾನು ದೋಷ ಅಂದರೆ ಅವಳು ನಾಳೆ ಬಂದು ಅದನ್ನು ತಾನೇ ಹಿಡಿದು ನೋಡುತ್ತಾಳೆ. ಆಗ ಒಂದೋ ನಾನು ಸುಳ್ಳುಗಾತಿ ಎಂದುಕೊಳ್ಳಬೇಕು, ಇಲ್ಲ ತನ್ನ ಕಣ್ಣೇ ಸರಿಯಿಲ್ಲ ಎಂದುಕೊಳ್ಳಬೇಕು. ನನ್ನನ್ನು ಅಷ್ಟು ನಂಬುವ ಹುಡುಗಿ ಎರಡನೆಯದನ್ನೇ ನಂಬುತ್ತಿದ್ದಳು. ಆಮೇಲೆ ಬದುಕಿರುವಷ್ಟು ದಿನ ಸರಿಯಿರುವ ಗಾಜನ್ನೆಲ್ಲ ಒಡೆದು ಹಾಕುತ್ತಿದ್ದಳು. ಅದು ನನ್ನಿಂದ ಆಗಲಿಲ್ಲ ರೀ.

‘ಅದು ಇರುತ್ತೆ. ಒಡೆಯಲ್ಲ. ಚೆನ್ನಾಗಿದೆ’ ಅಂದೆ.

ಮೇಡಂ ಬರೆದುಕೊಂಡರು. ಮೇಷ್ಟ್ರು ಕುರ್ಚಿ ಹುಡುಕಿ ಕೂತರು. ನಾನು ಹೊರಗೆ ಬಂದು ಬಾಗಿಲಿನ ಚೀಟಿ ಕಿತ್ತೆ. ಇನ್ನು ಅದು ಬಿದ್ದರೂ ಲೆಕ್ಕವಿಲ್ಲ.

ನಿಮ್ಮ ಹೆಂಡತಿ

15 ಜೂನ್

ರೀ,

ಎರಡು ಭಾನುವಾರ ಫೋನು ಮಾಡಿದೆ. ಎರಡು ಸಲವೂ ಚೂಟಿ, ‘ಅಪ್ಪ ಹೊಲೀತಿದಾರೆ’ ಅಂದಳು. ಹಿಂದೆ ಮಿಷನ್ನಿನ ಸದ್ದು ಇರಲಿಲ್ಲ. ಹೋಗಲಿ, ಮುಖ ಊದಿಸಿಕೊಳ್ಳುವ ಹಕ್ಕು ನಿಮಗಿದೆ. ಒಂದು ಹ್ಞೂಂ ಆದರೂ ಅನ್ನಬಹುದಿತ್ತು.

ಇಲ್ಲಿಯ ಸುದ್ದಿ ಇಷ್ಟೇ. ಸ್ಪಾನ್ಸರ್ ಅರ್ಜಿ ಕೈಬಿಟ್ಟರು. ವೀಸಾ ಮೇಡಂ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ತಾವೇ ಫೋನು ಮಾಡಿ ನನ್ನ ವಿಷಯ ಕೇಳಿದರು. ಎಲ್ಲ ಕಡೆಯೂ ‘ನೋಡೋಣ’. ದೊಡ್ಡ ಮೇಷ್ಟ್ರು ನನ್ನನ್ನು ಕಂಡರೆ ಬೇರೆ ಮೆಟ್ಟಿಲಿನಲ್ಲಿ ಹೋಗುತ್ತಾರೆ. ಒಮ್ಮೆ ಸಿಕ್ಕಿಬಿದ್ದರು. ‘ಒಳ್ಳೇದಾಗಲಿ ಅಂತ ಮಾಡಿದೆ’ ಅಂದರು. ‘ಗೊತ್ತು ಸಾರ್’ ಅಂದೆ. ಗೊತ್ತಿರುವುದರಿಂದಲೇ ಅವರ ಮೇಲೆ ನೆಟ್ಟಗೆ ರೇಗಲೂ ಆಗುತ್ತಿಲ್ಲ.

ಉದ್ದಜಡೆಗೆ ಈಗ ಎಲ್ಲ ಗೊತ್ತಾಗಿದೆ. ಬಂದು ನನ್ನ ಎದುರು ನಿಂತು, ‘ನಾನು ವಾಪಸ್ ತಗೋತೀನಿ’ ಅಂದಳು. ಮೇಡಮ್ಮನ್ನು ಕೇಳಿದೆವು. ಆಗುವುದಿಲ್ಲ. ಈ ದೇಶದಲ್ಲಿ ಕೆಲಸ ಬಲ್ಲವರು ಇದ್ದಾರೆ ಎಂದು ಒಮ್ಮೆ ಬರೆದಾಯಿತು, ಅವಳು ಬೇಡವೆಂದರೂ ಅದು ಅಳಿಸುವುದಿಲ್ಲ. ‘ಹಾಗಿದ್ರೆ ಸುಮ್ನೆ ಕೆಲಸ ಮಾಡು’ ಅಂದೆ. ಅವಸರ ಮಾಡುವ ಆ ಒಂದು ಜಾಗ ತಿದ್ದಬೇಕು, ಅದನ್ನು ತಿದ್ದಿ ಬರುತ್ತೇನೆ.

ಟಿಕೆಟ್ ನಾನೇ ಮಾಡಿಸುತ್ತೇನೆ. ಒಂದೇ ಟಿಕೆಟ್.

ನಿಮ್ಮವಳು

2 ಜುಲೈ

ಇವಳಿಗೆ,

ಹ್ಞೂಂ.

ಫೋನಿನಲ್ಲಿ ಹೇಳಬೇಕಾಗಿದ್ದದ್ದು ಅದು. ಹೇಳಲಿಲ್ಲ. ಸಿಟ್ಟಿತ್ತು. ಈಗಲೂ ಇದೆ, ನೀನು ಬಂದ ಮೇಲೂ ಸ್ವಲ್ಪ ದಿನ ಇರುತ್ತದೆ, ಅಷ್ಟು ಸಹಿಸಿಕೋ. ಯಾರ ಮೇಲೆ ಎಂದು ಕೇಳಬೇಡ. ಒಂದು ದಿನ ನಿನ್ನ ಮೇಲೆ, ಒಂದು ದಿನ ನಿಮ್ಮ ಮೇಷ್ಟ್ರ ಮೇಲೆ. ಹೆಚ್ಚು ದಿನ ಮೇ ಒಂಬತ್ತನೇ ತಾರೀಕು ನಾನೇ ಬರೆದ ಆ ಕಾಗದದ ಮೇಲೆ.

ಚೂಟಿ ಶಾಲೆಗೆ ಸೇರಿದಳು. ಹೊಸ ಹಲ್ಲು ಅರ್ಧ ಬಂದಿದೆ, ಉಳಿದರ್ಧಕ್ಕೆ ನೀನು ಬರುತ್ತೀ. ಅಂಗಡಿಯವನು ನಿನ್ನೆ ತಾನಾಗಿಯೇ ಮೇಜಿನ ಒಂದು ಕಡೆ ಖಾಲಿ ಮಾಡಿಕೊಟ್ಟು, ‘ನಿಮ್ಮ ಗಿರಾಕಿ ನಿಮಗೆ, ನನ್ನ ಗಿರಾಕಿ ನನಗೆ’ ಅಂದ. ಆವತ್ತು ಅವನು ನಕ್ಕಿರಲಿಲ್ಲ ಅಂತ ಕಾಣುತ್ತದೆ.

ನೀನು ಬರುತ್ತೀ ಎಂದು ಚೂಟಿಗೆ ಹೇಳಿದೆ. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಕುಣಿಯಲಿಲ್ಲ. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಕೇಳಿದಳು, ‘ಅಮ್ಮ ಪರೀಕ್ಷೆಯಲ್ಲಿ ಫೇಲಾದಳಾ?’

‘ಪರೀಕ್ಷೆ ಅಮ್ಮನಿಗಲ್ಲ ಪುಟ್ಟಾ, ಅಮ್ಮ ಕಲಿಸಿದವಳಿಗೆ. ಅವಳು ಪಾಸಾದಳು’ ಅಂದೆ.

‘ಅಮ್ಮ ಅಷ್ಟು ಚೆನ್ನಾಗಿ ಕಲಿಸಿದ್ರೆ ಅಮ್ಮನ್ನ ಯಾಕೆ ಕಳಿಸ್ತಿದಾರೆ?’

ಬಟ್ಟೆ ಮಡಚಿದೆ, ಸೂಜಿಗೆ ದಾರ ಪೋಣಿಸಿದೆ, ನೀರು ಕುಡಿದು ಬಂದೆ. ಅವಳು ಅಲ್ಲೇ ನಿಂತಿದ್ದಳು. ಅದನ್ನು ನೀನೇ ಬಂದು ಹೇಳು.

ನಿನ್ನವನು